ಅಪ್ಪ ಓಡಿಸುತ್ತಿದ್ದ ಮನೆ

ಬಿಸಿಲಿಗೆ ಕಾದ ರೆಕ್ಸಿನ್, ಸೀಮೆಎಣ್ಣೆ, ಅದರೊಳಗೆ ಎಳೆಯಾಗಿ ಸೇರಿಕೊಂಡ ಡೀಸೆಲ್ ಹೊಗೆ. ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಮೊದಲು ಹಸಿವಾಗುತ್ತದೆ, ಬೆನ್ನಿಗೇ ಸಿಟ್ಟು ಬರುತ್ತದೆ. ಹೋದ ತಿಂಗಳು ಮರಳೂರಿನ ಗ್ಯಾರೇಜೊಂದರ ಮುಂದೆ ಸ್ಕೂಟರಿನ ಬ್ರೇಕ್ ಸರಿಮಾಡಿಸಲು ನಿಂತಿದ್ದೆ. ಯಾವುದೋ ಹಳೇ ಮಿನಿಬಸ್ಸಿನ ಸೀಟುಗಳನ್ನು ಕಿತ್ತು ಬಿಸಿಲಿಗೆ ಹರವಿದ್ದರು; ಪಕ್ಕದಲ್ಲಿ ಕೂತವನೊಬ್ಬ ಸೀಮೆಎಣ್ಣೆಯಲ್ಲಿ ಬೋಲ್ಟುಗಳನ್ನು ಅದ್ದಿ ಉಜ್ಜುತ್ತಿದ್ದ. ಮೆಕ್ಯಾನಿಕ್ಕು ಏನೋ ಕೇಳಿದ, ನನಗೆ ಕೇಳಿಸಲಿಲ್ಲ. ಆ ಹೊತ್ತಿಗೆ ನಾನು ಒಂಬತ್ತು ವರ್ಷದವಳಾಗಿ, ನೀಲಿ ಪರದೆಯ ಹಿಂದೆ ಕಾಲು ಮಡಚಿ ಕೂತು, ಪಂಪ್ ಸ್ಟೌವಿನ ಮೇಲೆ ಅಮ್ಮ ಹುರುಳಿಕಾಳಿನ ಸಾರಿಗೆ ಒಗ್ಗರಣೆ ಹಾಕುವುದನ್ನೇ ಕಾಯುತ್ತಿದ್ದೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು, ಈಗ ಇಲ್ಲದ ಮನೆಯೊಂದರ ತನಕ ಕರೆದುಕೊಂಡು ಹೋಗಿ ಹೊರಗೇ ಬಿಟ್ಟು ಬರುವಂಥದ್ದು. ನಿಮ್ಮ ಮನೆ ಬಹುಶಃ ಒಂದು ಬೀದಿಯಲ್ಲಿ ನಿಂತಿತ್ತು. ನಮ್ಮದು ನಿಲ್ಲಲಿಲ್ಲ. ನನ್ನ ಏಳನೇ ವರ್ಷದಿಂದ ಹದಿಮೂರನೇ ವರ್ಷದ ತನಕ ನಾವು ನಾಲ್ಕು ಜನ ಒಂದು ಮಿನಿಬಸ್ಸಿನಲ್ಲಿ ಬದುಕಿದೆವು, ಗುಬ್ಬಿ ಕುಣಿಗಲ್ ಕಡೆಯ ಸಣ್ಣ ಸಣ್ಣ ಕ್ರೈಸ್ತ ಸಭೆಗಳ ದೇವಾಲಯಗಳನ್ನು ರಿಪೇರಿ ಮಾಡುತ್ತಾ.

ಈಗ ಆಫೀಸಿನ ಹುಡುಗಿಯರು ಫೋನಿನಲ್ಲಿ ವಿಡಿಯೋ ತೋರಿಸುತ್ತಾರೆ. ಗಂಡ ಹೆಂಡತಿ ಮನೆ ಮಾರಿ ದೊಡ್ಡ ವ್ಯಾನು ಕೊಂಡಿರುತ್ತಾರೆ, ಒಳಗೇ ಹಾಸಿಗೆ, ಒಳಗೇ ಸಿಂಕು, ಹೋದ ಕಡೆಯೆಲ್ಲ ಸೇವೆ ಮಾಡುತ್ತಾರೆ. “ಎಷ್ಟ್ ಚೆನ್ನಾಗಿದೆ ಅಲ್ವಾ ಮೇಡಂ, ಫುಲ್ ಫ್ರೀ ಲೈಫು!” ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಆ ವಿಡಿಯೋದಲ್ಲಿ ಮಕ್ಕಳಿದ್ದಾರಾ ಅಂತ ಮಾತ್ರ ನೋಡುತ್ತೇನೆ.

ಅಪ್ಪನ ಹೆಸರು ಸ್ಯಾಮುವೇಲ. ತುಮಕೂರಿನ ಒಂದು ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಡಗಿಯಾಗಿದ್ದರು. ಕೈ ಒಳ್ಳೆಯದು, ಅಪ್ಪ ಕೂರಿಸಿದ ಕಿಟಕಿ ಗಲಗಲ ಅನ್ನುವುದಿಲ್ಲ ಅಂತ ಡ್ರೈವರುಗಳೇ ಹೇಳುತ್ತಿದ್ದರಂತೆ. ಮರಳೂರಿನಲ್ಲಿ ನಮಗೆ ಎರಡು ರೂಮಿನ ಮನೆಯಿತ್ತು, ಅಮ್ಮನ ಅಪ್ಪ ಅವಳ ಹೆಸರಿಗೆ ಬರೆದುಕೊಟ್ಟದ್ದು. ಒಂದು ದಿನ ಅಪ್ಪ ಬಸ್ಸಿನ ಟಾಪಿನಿಂದ ಕೆಳಗೆ ಬಿದ್ದು ಬೆನ್ನು ಮುರಿದುಕೊಂಡರು. ನಾಲ್ಕು ತಿಂಗಳು ಮಲಗಿದ ಜಾಗದಲ್ಲೇ ಇದ್ದವರು ಎದ್ದು ನಡೆದಾಗ, ಇನ್ನು ಉಳಿದ ಆಯುಸ್ಸೆಲ್ಲ ಕರ್ತನ ಕೆಲಸಕ್ಕೆ ಅಂತ ಹರಕೆ ಹೊತ್ತಿದ್ದೇನೆ ಅಂದರು. ಆಯುಸ್ಸು ಅವರದು, ಹರಕೆಯೂ ಅವರದು. ಮಾರಿದ್ದು ಮಾತ್ರ ಅಮ್ಮನ ಮನೆ. ಆ ನಾಲ್ಕು ತಿಂಗಳು ಅಪ್ಪನನ್ನು ಮಗ್ಗುಲು ಬದಲಾಯಿಸಿ, ಒರೆಸಿ, ಉಣ್ಣಿಸಿದವಳು ಅಮ್ಮ. ಅವಳ ಆಯುಸ್ಸು ಯಾವ ಲೆಕ್ಕಕ್ಕೆ ಅಂತ ಯಾರೂ ಕೇಳಲಿಲ್ಲ. ಸಹಿ ಹಾಕು ಅಂದರು, ಹಾಕಿದಳು. ಆ ದಿನ ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ನನಗೆ ನೆನಪಿದೆ. ಅದನ್ನೇ ಎಲ್ಲರೂ ಉಂಡೆವು.

ನಿಜ ಹೇಳಬೇಕು. ಆ ಬಸ್ಸನ್ನು ನಾನು ಪ್ರೀತಿಸಿದ್ದೆ. ಅಪ್ಪ ಅದರ ಸೀಟುಗಳನ್ನೆಲ್ಲ ಕಿತ್ತು, ಹಿಂದೆ ಅಡ್ಡಕ್ಕೆ ಒಂದರ ಮೇಲೊಂದು ಹಲಗೆ ಜೋಡಿಸಿ ನನಗೂ ಅಕ್ಕನಿಗೂ ಮಲಗುವ ಜಾಗ ಮಾಡಿದ್ದರು. ಒಂದೇ ಒಂದು ಉದ್ದ ಸೀಟನ್ನು ಉಳಿಸಿಕೊಂಡಿದ್ದರು. ಹಗಲು ಅದು ನಡುಮನೆ, ರಾತ್ರಿ ಅಪ್ಪನ ಮಂಚ. ಅಮ್ಮ ನೆಲಕ್ಕೆ ಚಾಪೆ ಹಾಸುತ್ತಿದ್ದಳು. ಡ್ರೈವರ್ ಸೀಟಿನ ಹಿಂದೆ ಸ್ಟೌವು, ಪಾತ್ರೆಯ ಟ್ರಂಕು, ಮುಚ್ಚಳಕ್ಕೆ ಟ್ಯೂಬು ಸುತ್ತಿದ ನೀರಿನ ಡ್ರಮ್ಮು. ಮಳೆ ಬಂದರೆ ತಗಡಿನ ಮೇಲೆ ಹುಣಸೆಬೀಜ ಸುರಿದಂಥ ಸದ್ದು. ಬಸ್ಸು ಹೊರಟರೆ ನಮ್ಮ ಅಡುಗೆಮನೆಯೂ ಹೊರಡುತ್ತಿತ್ತು, ಲೋಟಗಳು ಒಂದನ್ನೊಂದು ತಟ್ಟಿಕೊಳ್ಳುತ್ತಿದ್ದವು, ಅಕ್ಕ ಹಾಡುತ್ತಿದ್ದಳು, ಕಿಟಕಿಯಲ್ಲಿ ತೆಂಗಿನ ತೋಟ, ಕೆರೆ ಏರಿ, ರಾಗಿ ಹೊಲ ಓಡಿಹೋಗುತ್ತಿದ್ದವು. ಸಿ.ಎಸ್. ಪುರದ ಹತ್ತಿರ ಬಸ್ಸು ನಿಲ್ಲಿಸಿದಾಗ ಪಕ್ಕದ ತೋಟದ ಗಂಗಮ್ಮಜ್ಜಿ ಹಣೆ ತುಂಬ ವಿಭೂತಿ ಇಟ್ಟುಕೊಂಡು, ಸೊಂಟದ ಮೇಲೆ ಕೈಯಿಟ್ಟು ಬಸ್ಸನ್ನು ಒಂದು ಸುತ್ತು ಬಂದು ನೋಡಿ, “ಏನವ್ವಾ, ನಿಮ್ ಮನೆ ಗಾಲಿ ಮ್ಯಾಲೈತಾ? ಹಂಗಾದ್ರೆ ನಿಮ್ದು ಯಾವೂರು ಅಂತ ಕರೀಲಿ?” ಅಂದಿದ್ದಳು. ಅಮ್ಮ ನಕ್ಕುಬಿಟ್ಟಳು. ಮಾರನೇ ದಿನದಿಂದ ಗಂಗಮ್ಮಜ್ಜಿ ನಮಗೆ ಒಂದು ಚೊಂಬು ಮಜ್ಜಿಗೆ ಕಳಿಸುತ್ತಿದ್ದಳು, ನಾವು ಅಲ್ಲಿದ್ದಷ್ಟು ದಿನವೂ. ನಮ್ಮ ದೇವರು ಯಾರು ಅಂತ ಅವಳು ಒಮ್ಮೆಯೂ ಕೇಳಲಿಲ್ಲ.

ಅಪ್ಪನ ಕೆಲಸಕ್ಕೆ ಕೂಲಿ ಇರಲಿಲ್ಲ. ಅದೇ ಅದರ ಹೆಮ್ಮೆ. ಹೆಂಚು ಹೊದಿಸುವುದು, ಬೆಂಚಿನ ಕಾಲು ಬದಲಿಸುವುದು, ಸುಣ್ಣ ಹೊಡೆಯುವುದು, ಗೆದ್ದಲು ತಿಂದ ಚೌಕಟ್ಟು ಕಿತ್ತು ಹೊಸದು ಕೂರಿಸುವುದು. ಅಮ್ಮ ಭಾನುವಾರ ಮಕ್ಕಳಿಗೆ ಬೈಬಲ್ ಕಥೆ ಹೇಳಿಕೊಡುತ್ತಿದ್ದಳು, ಹಬ್ಬಕ್ಕೆ ನೂರಾರು ಜನಕ್ಕೆ ಅಡುಗೆ ಮಾಡುತ್ತಿದ್ದಳು. ಜನ ಅಪ್ಪನನ್ನು ‘ಬಸ್ ಸ್ಯಾಮಣ್ಣ’ ಅಂತ ಕರೆಯುತ್ತಿದ್ದರು. ಒಂದು ಮೂಟೆ ರಾಗಿ, ಒಂದಿಷ್ಟು ಅವರೆಕಾಯಿ, ಎರಡು ತೆಂಗಿನಕಾಯಿ, ಹಳೇ ಬಟ್ಟೆ ತಂದುಕೊಡುತ್ತಿದ್ದರು. ಆ ಬಡವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸಿಟ್ಟು ಸಭೆ ನಡೆಸುತ್ತಿದ್ದ ದೊಡ್ಡ ಮನುಷ್ಯರ ಮೇಲೆ. ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ. ಗುಬ್ಬಿ ಕಡೆಯ ಒಂದು ಸಭೆಯಲ್ಲಿ ಪಾದ್ರಿ ಅಯ್ಯನವರ ಮನೆಯ ಇಡೀ ಸೂರನ್ನು ಅಪ್ಪ ಹೊಸದಾಗಿ ಹೊದಿಸಿದರು. ಆ ಮನೆಯ ಹಿತ್ತಲಲ್ಲಿ ಒಂದು ಕಕ್ಕಸು, ಒಂದು ಬಚ್ಚಲು ಇದ್ದವು. ಮೊದಲ ವಾರ ಬಳಸಿಕೊಳ್ಳಿ ಅಂದ ಅಯ್ಯನವರ ಹೆಂಡತಿ ಎರಡನೇ ವಾರ ಅದಕ್ಕೆ ಬೀಗ ಹಾಕಿದರು. ಅಪ್ಪ ಆಗ ಅವರ ತಲೆಯ ಮೇಲೇ ಕೂತು ಹೆಂಚು ಜೋಡಿಸುತ್ತಿದ್ದರು, ನೋಡಿದರು, ಮುಂದಿನ ಹೆಂಚು ಎತ್ತಿಕೊಂಡರು. ಆಮೇಲೆ ಅಮ್ಮ ನಮ್ಮಿಬ್ಬರನ್ನೂ ಬೆಳಗಾಗುವ ಮುಂಚೆ ಎಬ್ಬಿಸಿ, ಕೈಯಲ್ಲಿ ಚೊಂಬು ಕೊಟ್ಟು ಹೊಲದ ಕಡೆ ಕರೆದುಕೊಂಡು ಹೋಗುತ್ತಿದ್ದಳು. ಅಕ್ಕ ದೊಡ್ಡವಳಾಗಿದ್ದು ಅದೇ ತಿಂಗಳು. ಅವಳ ಬಟ್ಟೆ ಒಗೆದು ಒಣಗಿಸಲು ಮರೆಯಾದ ಒಂದು ಗೇಣು ಜಾಗ ಆ ಕಾಂಪೌಂಡಿನಲ್ಲಿರಲಿಲ್ಲ. ಅಮ್ಮ ಅವನ್ನು ಬಸ್ಸಿನ ಇಂಜಿನ್ನಿನ ಬಾನೆಟ್ ಮೇಲೆ ಹರಡಿ ಒಣಗಿಸುತ್ತಿದ್ದಳು. ಭಾನುವಾರದ ಪ್ರಸಂಗದಲ್ಲಿ ಅದೇ ಅಯ್ಯನವರು ನಮ್ಮ ಕುಟುಂಬವನ್ನು ತೋರಿಸಿ, ಆಕಾಶದ ಹಕ್ಕಿಗಳ ಹಾಗೆ ನಾಳಿನ ಚಿಂತೆಯಿಲ್ಲದೆ ಬದುಕುವವರು ಅಂದರು. ನಾನು ಎದೆಯುಬ್ಬಿಸಿ ಕೂತಿದ್ದೆ. ಅಕ್ಕ ತಲೆ ಎತ್ತಲಿಲ್ಲ.

ಅಕ್ಕನ ಹೆಸರು ರೂತ್. ನನಗಿಂತ ಮೂರು ವರ್ಷ ದೊಡ್ಡವಳು. ಎಷ್ಟು ಶಾಲೆ ಬದಲಾಯಿಸಿದಳೋ ಅವಳಿಗೇ ನೆನಪಿಲ್ಲ. ಸಮಾಜ, ವಿಜ್ಞಾನ ಎಲ್ಲ ಅರ್ಧಂಬರ್ಧ. ಒಂದು ಶಾಲೆಯಲ್ಲಿ ಎರಡನೇ ಪಾಠ, ಇನ್ನೊಂದರಲ್ಲಿ ಸೀದಾ ಏಳನೇ ಪಾಠ. ಲೆಕ್ಕ ಮಾತ್ರ ಅವಳ ಜೊತೆಗೇ ಬಂತು. ಲೆಕ್ಕ ಎಲ್ಲಾ ಊರಲ್ಲೂ ಒಂದೇ ಕಣೇ, ಅದಕ್ಕೇ ನಂಗಿಷ್ಟ ಅನ್ನುತ್ತಿದ್ದಳು. ಬಸ್ಸು ಓಡುತ್ತಿರುವಾಗಲೂ ಮೊಣಕಾಲ ಮೇಲೆ ಸ್ಲೇಟಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದಳು, ಗುಂಡಿ ಬಂದಾಗ ಬಳಪವನ್ನು ಮೇಲೆತ್ತಿ ಮತ್ತೆ ಅದೇ ಜಾಗಕ್ಕೆ ಇಳಿಸುತ್ತಿದ್ದಳು. ಗುಬ್ಬಿಯ ಶಾಲೆಯಲ್ಲಿ ಹತ್ತನೇ ಕ್ಲಾಸಿಗೆ ಬಂದಾಗ ಅಮ್ಮ ಮೊದಲ ಸಲ ಅಪ್ಪನ ಹತ್ತಿರ ಏನೋ ಒಂದು ಕೇಳಿದಳು. ಪರೀಕ್ಷೆ ಮುಗಿಯುವ ತನಕ ಗುಬ್ಬಿ ಬಿಟ್ಟು ಅಲುಗಾಡಬಾರದು, ಅಷ್ಟೇ. ಅಪ್ಪ ಆಗಲಿ ಅಂದರು. ಬೈಬಲ್ ಮುಟ್ಟಿ ಹೇಳಲಿಲ್ಲ, ಬಾಯಲ್ಲೇ ಹೇಳಿದರು. ಅಮ್ಮನಿಗೆ ಅಷ್ಟು ಸಾಕಿತ್ತು.

ಮಾರ್ಚಿನಲ್ಲಿ, ಪರೀಕ್ಷೆಗೆ ಹತ್ತು ದಿನ ಇರುವಾಗ ಕೊತ್ತಗೆರೆಯ ಆಚೆಯ ಒಂದು ಹಳ್ಳಿಯಿಂದ ಸಭೆಯ ಕಾರ್ಯದರ್ಶಿ ಮೋಟರ್ ಬೈಕಿನಲ್ಲಿ ಬಂದರು. ಬಿರುಗಾಳಿಗೆ ದೇವಾಲಯದ ಶೀಟುಗಳು ಹಾರಿಹೋಗಿವೆ, ಗೋಡೆಯೂ ಒಂದು ಕಡೆ ಬಾಯಿ ಬಿಟ್ಟಿದೆ, ಗುಡ್‌ಫ್ರೈಡೇ ಆರಾಧನೆಗೆ ದೊಡ್ಡ ಅಯ್ಯನವರು ಬರುತ್ತಾರೆ, ಅಷ್ಟರಲ್ಲಿ ಸೂರಾಗಬೇಕು. “ಸ್ಯಾಮಣ್ಣೋರೇ, ನಿಮ್ಮನ್ನ ಬಿಟ್ರೆ ನಮಗ್ಯಾರಿದ್ದಾರೆ ಹೇಳಿ?” ಈ ಒಂದು ಮಾತಿಗೆ ಅಪ್ಪ ಯಾವಾಗಲೂ ಕರಗುತ್ತಿದ್ದರು. ಹೆಂಡತಿ ಮಕ್ಕಳು ಆ ಮಾತನ್ನು ಯಾವತ್ತೂ ಹೇಳಿರಲಿಲ್ಲವಲ್ಲ. ಅಮ್ಮ ಗುಬ್ಬಿ ಕಡೆಯ ಅಯ್ಯನವರ ಮನೆಗೆ ಹೋಗಿ, ಪರೀಕ್ಷೆ ಮುಗಿಯುವ ತನಕ ರೂತ್ ಒಬ್ಬಳನ್ನು ವರಾಂಡದಲ್ಲಿ ಮಲಗಿಸಿಕೊಳ್ಳಿ ಅಂತ ಕೇಳಿದಳು. ಅಪ್ಪ ಹೊದಿಸಿದ ಸೂರಿನ ಕೆಳಗೇ ನಿಂತು ಅಯ್ಯನವರ ಹೆಂಡತಿ, “ಹಬ್ಬಕ್ಕೆ ನೆಂಟ್ರು ಬರ್ತಾರೆ ಸುಗುಣಮ್ಮ, ಜಾಗ ಎಲ್ಲಿದೆ?” ಅಂದರು. ನಾನು ಅಮ್ಮನ ಸೆರಗು ಹಿಡಿದು ಅಲ್ಲೇ ಇದ್ದೆ. ವರಾಂಡದಲ್ಲಿ ಎರಡು ಸೈಕಲ್ಲು, ಒಂದು ಜೂಲುನಾಯಿ ಇದ್ದವು.

ಹೀಗೆ ನಾವು ಹೊರಟೆವು. ಅಕ್ಕ ದಿನಾ ಬೆಳಗ್ಗೆ ಮೊದಲ ಬಸ್ಸಿಗೆ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ತುಮಕೂರು, ಅಲ್ಲಿಂದ ಗುಬ್ಬಿ ಸೇರುವುದು ಅಂತಾಯಿತು. ಮೊದಲ ಎರಡು ಪರೀಕ್ಷೆ ಹೇಗೋ ಮುಗಿದವು. ಮೂರನೆಯದು ಲೆಕ್ಕ. ಆ ಬೆಳಗ್ಗೆ ಮೊದಲ ಬಸ್ಸು ಬರಲಿಲ್ಲ. ಅಕ್ಕ ರಸ್ತೆಯಲ್ಲಿ ಮುಕ್ಕಾಲು ಗಂಟೆ ಕಾದು ಓಡುತ್ತಾ ವಾಪಸ್ಸು ಬಂದಳು. ನಮ್ಮ ಬಸ್ಸು ದೇವಾಲಯದ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಅಪ್ಪ ಅದರ ಟಾಪಿನ ಮೇಲೆ ಮರದ ಹಲಗೆಗಳನ್ನು ಕಟ್ಟಿ, ಅದನ್ನೇ ಸಾರ್ವೆ ಮಾಡಿಕೊಂಡು, ಇಬ್ಬರು ಆಳುಗಳ ಜೊತೆ ಶೀಟು ಏರಿಸುತ್ತಿದ್ದರು. ಅಕ್ಕ ಕೆಳಗಿನಿಂದ ಕೂಗಿದಳು.

“ಅಪ್ಪಾ, ಬಸ್ ಬರ್ಲಿಲ್ಲ. ನಮ್ ಬಸ್ಸಲ್ಲಿ ಬಿಟ್ಟು ಬಾ ಅಪ್ಪಾ. ಲೆಕ್ಕ ಇವತ್ತು.”

“ಸಾರ್ವೆ ಕಟ್ಟಿದೀವಲ್ಲಮ್ಮ. ಇದನ್ನ ಬಿಚ್ಚಿದ್ರೆ ಇವತ್ತಿನ ಕೆಲ್ಸ ಪೂರ್ತಿ ಹೋಯ್ತು. ಇನ್ನೊಂದ್ ಬಸ್ ಬರುತ್ತೆ, ಪ್ರಾರ್ಥನೆ ಮಾಡ್ಕೊಂಡು ನಿಲ್ಲು ಹೋಗು.”

“ಅಪ್ಪಾ...”

“ಕರ್ತನ ಕೆಲ್ಸ ಮಾಡೋರ ಕೈ ಕರ್ತ ಬಿಡಲ್ಲ ಕಣಮ್ಮ. ಹೋಗು.”

ಅಮ್ಮ ಸ್ಟೌ ಆರಿಸಿ ಹೊರಗೆ ಬಂದು ಟಾಪಿನ ಕಡೆ ನೋಡುತ್ತಾ ನಿಂತಳು. “ರೀ, ಇಳೀರಿ,” ಅಂದಳು. ಅಪ್ಪ ಇಳಿಯಲಿಲ್ಲ. ಸುತ್ತಿಗೆಯ ಸದ್ದು ಮತ್ತೆ ಶುರುವಾಯಿತು. ಆರು ವರ್ಷ ಊರೂರು ಅಲೆದ ನಮ್ಮ ಮನೆಗೆ, ಬೇಕಾದ ಆ ಒಂದು ದಿನ, ಒಂದು ಮಾರು ಮುಂದೆ ಹೋಗಲಾಗಲಿಲ್ಲ. ಅಕ್ಕ ಹಾಲಿನ ಟೆಂಪೋ ಹತ್ತಿ, ಆಮೇಲೆ ಲಾರಿ ಹತ್ತಿ, ಬಸ್ಸು ಹತ್ತಿ ಗುಬ್ಬಿ ಸೇರಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಪರೀಕ್ಷೆ ಹತ್ತಕ್ಕೇ ಶುರುವಾಗಿತ್ತು. ಗೇಟಿನಲ್ಲಿದ್ದವರು ಗಡಿಯಾರ ತೋರಿಸಿದರಂತೆ. ಅಕ್ಕ ಗೇಟಿನ ಹೊರಗೇ ಕೂತು, ಪರೀಕ್ಷೆ ಮುಗಿಸಿ ಬಂದ ಹುಡುಗಿಯೊಬ್ಬಳ ಹತ್ತಿರ ಪ್ರಶ್ನೆಪತ್ರಿಕೆ ಇಸಿದುಕೊಂಡು, ಹಾಲ್ ಟಿಕೆಟ್ಟಿನ ಹಿಂದೆ ಒಂದೊಂದೇ ಲೆಕ್ಕ ಮಾಡಿದಳಂತೆ. ಎಲ್ಲವೂ ಬಂತು.

ಅವಳು ವಾಪಸ್ಸು ಬಂದಾಗ ಇನ್ನೂ ಬಿಸಿಲಿತ್ತು. ಅಪ್ಪ ಕೈಕಾಲು ತೊಳೆದು ದೇವಾಲಯದ ಮೆಟ್ಟಿಲ ಮೇಲೆ ಕೂತಿದ್ದರು. ವಿಷಯ ಕೇಳಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, “ಕರ್ತನ ಚಿತ್ತ,” ಅಂದರು. ಅಮ್ಮ ಬಸ್ಸಿನೊಳಗೆ ಹೋದಳು. ಪಾತ್ರೆಗಳನ್ನು ಟ್ರಂಕಿಗೆ ತುಂಬಿದಳು. ಅಕ್ಕನ ಪುಸ್ತಕ, ನನ್ನ ಎರಡು ಫ್ರಾಕು, ಅವಳ ಮೂರು ಸೀರೆ ಒಂದು ಚೀಲಕ್ಕೆ ಹಾಕಿದಳು. ಎಲ್ಲವನ್ನೂ ಬೇವಿನ ಮರದ ಬುಡಕ್ಕೆ ತಂದಿಟ್ಟು, ತಾನೂ ಅಲ್ಲೇ ಕೂತಳು. ಅಪ್ಪ ಬಂದು ನಿಂತರು.

“ಏನಿದು ಸುಗುಣ?”

“ನಾನಿನ್ನ ಈ ಬಸ್ ಹತ್ತಲ್ಲ ರೀ.”

“ಸಿಟ್ಟಲ್ಲಿ ಮಾತಾಡ್ಬೇಡ.”

“ಸಿಟ್ಟಿಲ್ಲ. ಇದ್ದಿದ್ರೆ ಆ ಮನೆ ಮಾರೋ ದಿನ ಬರ್ಬೇಕಿತ್ತು. ಕರ್ತನ ಚಿತ್ತ ಅಂದ್ರಲ್ಲ, ಇದು ನನ್ ಚಿತ್ತ. ನೀವು ದೇವ್ರಿಗೆ ಏನ್ ಬೇಕಾದ್ರೂ ಕೊಡಿ, ನಿಮ್ದನ್ನ ಕೊಡಿ. ರೂತ್ ನಿಮ್ದಲ್ಲ.”

ಅಪ್ಪ ಕಾರ್ಯದರ್ಶಿಯ ಮನೆಗೆ ಹೋದರು. ದೇವಾಲಯದ ಹಿಂದೆ ಖಾಲಿ ಬಿದ್ದಿದ್ದ ಒಂದು ರೂಮಿತ್ತು, ಹಳೇ ಬೆಂಚು ತುಂಬಿದ್ದು. ಹೆಂಡತಿ ಮಕ್ಕಳು ಒಂದು ವರ್ಷ ಅಲ್ಲಿರಲಿ ಅಂತ ಬೇಡಿಕೊಂಡರು. ತಮಗೆ ಅಂತ ಅಪ್ಪ ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ. ಕಮಿಟಿಯಲ್ಲಿ ಮಾತಾಡಿ ಹೇಳ್ತೀವಿ, ಆದ್ರೆ ಒಬ್ರಿಗೆ ಕೊಟ್ರೆ ನಾಳೆ ಇನ್ನೊಬ್ರು ಕೇಳ್ತಾರಲ್ಲ ಅಂದರಂತೆ. ಅಪ್ಪ ಬರಿಗೈಯಲ್ಲಿ ಬರುವುದನ್ನು ನಾನು ಡ್ರೈವರ್ ಸೀಟಿನಿಂದ ನೋಡುತ್ತಿದ್ದೆ. ಹೌದು, ನಾನಿನ್ನೂ ಬಸ್ಸಿನಲ್ಲೇ ಇದ್ದೆ. ಅಮ್ಮ ಎರಡು ಸಲ ಕರೆದಳು, “ಗ್ರೇಸಿ, ಬಾರೇ.” ನಾನು ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಕೂತೆ. ಅಪ್ಪ ಸರಿ, ಅಮ್ಮ ನಂಬಿಕೆಯಿಲ್ಲದವಳು ಅಂತ ಆ ಹೊತ್ತಿನಲ್ಲಿ ನನಗೆ ಅನ್ನಿಸಿತ್ತು. ಕೊನೆಗೆ ಅಕ್ಕ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಳಿಸಿಕೊಂಡು ಹೋದಳು. ಯಾರ ಮೇಲೆ ಸಿಟ್ಟು ಮಾಡಿಕೊಂಡರೂ ಆ ಸಿಟ್ಟು ಒಂದು ಸುತ್ತು ಹೊಡೆದು ಆ ಸೀಟಿನಲ್ಲಿ ಕೂತ ಹುಡುಗಿಯ ಹತ್ತಿರವೇ ಬರುತ್ತದೆ.

ಆಮೇಲೆ ಮರಳೂರಿನಲ್ಲಿ ಬಾಡಿಗೆಯ ಒಂದೇ ರೂಮು, ನಾವು ಮಾರಿದ ಮನೆಗೆ ಎರಡು ರಸ್ತೆ ಆಚೆ. ಅಮ್ಮ ಹಾಸ್ಟೆಲ್ಲೊಂದರಲ್ಲಿ ಅಡುಗೆಗೆ ಸೇರಿದಳು. ಅಕ್ಕ ಅದೇ ವರ್ಷ ಮತ್ತೆ ಪರೀಕ್ಷೆ ಕಟ್ಟಿ ಲೆಕ್ಕದಲ್ಲಿ ಕ್ಲಾಸಿಗೇ ಮೊದಲಾಗುವಷ್ಟು ನಂಬರು ತೆಗೆದಳು, ಆದರೆ ಆ ಹೊತ್ತಿಗೆ ಕಾಲೇಜು ಶುರುವಾಗಿಹೋಗಿತ್ತು. ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದವಳು ಮುಂದೆ ಓದಲಿಲ್ಲ. ನಾನು ಓದಿದೆ. ಅವಳ ದುಡಿಮೆಯಲ್ಲಿ ಓದಿದೆ. ಅಪ್ಪ ಬಸ್ಸಿನಲ್ಲೇ ಉಳಿದರು. ತಿಂಗಳಿಗೊಮ್ಮೆ ಬಂದು ಬೀದಿಯ ತುದಿಯಲ್ಲಿ ನಿಲ್ಲಿಸಿ ಹಾರ್ನ್ ಮಾಡುತ್ತಿದ್ದರು. ಅಮ್ಮ ಊಟಕ್ಕಿಡುತ್ತಿದ್ದಳು, ಉಣ್ಣುತ್ತಿದ್ದರು, ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ವರ್ಷಗಳು ಹೀಗೇ ಕಳೆದವು. ಅಪ್ಪನ ಬೆನ್ನು ಮತ್ತೆ ಕೈಕೊಟ್ಟಾಗ ಬಸ್ಸನ್ನು ಅದೇ ಕೊತ್ತಗೆರೆಯ ಆಚೆಯ ದೇವಾಲಯದ ಕಾಂಪೌಂಡಿನಲ್ಲಿ ನಿಲ್ಲಿಸಿ ಮನೆಗೆ ಬಂದರು. ಆರು ತಿಂಗಳ ನಂತರ ಕಮಿಟಿಯಿಂದ ಫೋನ್ ಬಂತು. ಹೊಸ ಹಾಲ್ ಕಟ್ಟಿದ್ದೇವೆ, ಅದರ ಮುಂದೆ ಈ ತುಕ್ಕು ಹಿಡಿದ ಗಾಡಿ ಚೆನ್ನಾಗಿ ಕಾಣುವುದಿಲ್ಲ. ನಾನು ರಜೆ ಹಾಕಿ ಹೋಗುವಷ್ಟರಲ್ಲಿ ಗುಜರಿಯವನನ್ನು ಕರೆಸಿ ಕತ್ತರಿಸಿ ಕಳಿಸಿಬಿಟ್ಟಿದ್ದರು. ಅದು ನಿಂತಿದ್ದ ಜಾಗದಲ್ಲಿ ಹುಲ್ಲು ಬಿಳಿಚಿಕೊಂಡು ಉದ್ದಕ್ಕೆ ಮಲಗಿತ್ತು. ನಾನು ಆ ಅಳತೆಯ ಸುತ್ತ ಒಂದು ಸಲ ನಡೆದೆ. ಇಷ್ಟೇ ಇಷ್ಟು. ಇಷ್ಟರಲ್ಲಿ ನಾಲ್ಕು ಜನ ಉಸಿರಾಡಿದ್ದೆವು.

ಅಪ್ಪ ನಮ್ಮ ಜೊತೆ ಇದ್ದದ್ದು ಕೊನೆಯ ಎರಡು ವರ್ಷ. ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ.

“ಅಪ್ಪ, ಅವತ್ತು ಒಂದ್ ದಿನ ಆ ಸಾರ್ವೆ ಬಿಚ್ಚಿದ್ರೆ ಏನಾಗ್ತಿತ್ತು?”

“ಸೂರು ಹಾರೋಗಿತ್ತು ಕಣಮ್ಮ,” ಅಂದರು.

“ಯಾರ್ದು?”

ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಅವರು ಸತ್ತಮೇಲೂ ನನಗೆ ಆ ಬೆನ್ನೇ ಕಾಣುತ್ತದೆ. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಇಲ್ಲವೋ, ಅದನ್ನು ತಿಳಿಯುವ ದಾರಿಯನ್ನೂ ಅವರ ಜೊತೆಗೇ ತೆಗೆದುಕೊಂಡು ಹೋದರು.

ಸ್ಮರಣೆಯ ಆರಾಧನೆಯನ್ನು ಆ ಸಭೆಯವರೇ ಏರ್ಪಡಿಸಿದ್ದರು, ಅಪ್ಪ ಶೀಟು ಹೊದಿಸಿದ ಅದೇ ದೇವಾಲಯದಲ್ಲಿ. ಕಾರ್ಯದರ್ಶಿ ಈಗ ಮುದುಕರಾಗಿದ್ದರು. ಮೈಕ್ ಹಿಡಿದು, “ಸ್ಯಾಮಣ್ಣೋರು ತಮ್ಮ ಸರ್ವಸ್ವವನ್ನೂ ಕರ್ತನಿಗೆ ಅರ್ಪಿಸಿದ್ರು. ಅವರ ಹೆಂಡತಿ ಮಕ್ಕಳೂ ಸಂತೋಷದಿಂದ ಎಲ್ಲವನ್ನೂ ಕೊಟ್ರು,” ಅಂದರು. ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. “ನಾವು ಕೊಡಲಿಲ್ಲ,” ಅಂದೆ. “ನಮ್ಮನ್ನ ಯಾರೂ ಕೇಳ್ಲಿಲ್ಲ. ನೀವು ತಗೊಂಡ್ರಿ. ಒಂದ್ ರೂಮ್ ಕೇಳಿದ್ರೆ ಕಮಿಟಿ ಅಂದ್ರಿ.” ಇನ್ನೂ ಏನೇನೋ ಹೇಳುವುದಿತ್ತು. ಯಾರೋ ಮೆಲ್ಲಗೆ ಒಂದು ಕೀರ್ತನೆ ಎತ್ತಿದರು, ಜನ ಸೇರಿಸಿಕೊಂಡರು, ನನ್ನ ಮಾತು ಅದರ ಕೆಳಗೆ ಹೋಯಿತು. ಅಕ್ಕ ನನ್ನ ಕೈ ಹಿಡಿದು ಕೂರಿಸಿದಳು. “ಸಾಕು ಬುಡೇ,” ಅಂದಳು. ಅವಳು ಅಳುತ್ತಿರಲಿಲ್ಲ.

ಎಲ್ಲ ಮುಗಿದು ಜನ ಊಟಕ್ಕೆ ಹೋದರು. ನಾವು ಊಟ ಬೇಡ ಅಂದೆವು. ಹೊರಡೋಣ ಅಂತ ಹುಡುಕಿದರೆ ಅಮ್ಮ ದೇವಾಲಯದ ಒಳಗೇ ಒಂದು ಕಿಟಕಿಯ ಹತ್ತಿರ ನಿಂತಿದ್ದಳು. ಚೌಕಟ್ಟಿನ ಮೇಲೆ ಬೆರಳಾಡಿಸುತ್ತಿದ್ದಳು.

“ಇದನ್ನ ನಿಮ್ಮಪ್ಪ ಎರಡು ಸಲ ಬಿಚ್ಚಿ ಕೂರ್ಸಿದ್ರು ಕಣೇ. ಕೂದಲೆಳೆಯಷ್ಟು ಸಂದಿ ಬಿಟ್ಟಿದೆ ಅಂತ.”

ಒಂದು ಬೆರಳಿನಿಂದ ಕಿಟಕಿಯ ರೆಕ್ಕೆಯನ್ನು ತಳ್ಳಿದಳು. ಅದು ಸದ್ದಿಲ್ಲದೆ ಹೋಗಿ ತನ್ನ ಜಾಗದಲ್ಲಿ ಕೂತಿತು. ನಮ್ಮ ಬಸ್ಸಿನ ಬಾಗಿಲಿಗೆ ಕೊನೆಯ ತನಕ ಒಂದು ಚಿಲಕ ಇರಲಿಲ್ಲ. ನಾಳೆ ಹಾಕ್ತೀನಿ ಅಂತ ಅಪ್ಪ ಆರು ವರ್ಷ ಹೇಳಿದರು. ಅಮ್ಮ ತನ್ನ ಲಂಗದ ಲಾಡಿಯಿಂದ ಅದನ್ನು ಕಂಬಿಗೆ ಕಟ್ಟಿ ನಮ್ಮನ್ನು ಮಲಗಿಸುತ್ತಿದ್ದಳು. ಅದನ್ನು ಹೇಳಬೇಕು ಅಂತ ಬಾಯಿ ತೆರೆದೆ. ಅಮ್ಮ ಆ ಕಿಟಕಿಯನ್ನು ಮತ್ತೊಮ್ಮೆ ತೆರೆದು, ಮತ್ತೊಮ್ಮೆ ಮುಚ್ಚಿದಳು.

“ಎಷ್ಟು ಚೆನ್ನಾಗಿ ಕೂತಿದೆ ನೋಡು,” ಅಂದಳು ಅಮ್ಮ.